ಹಟ್ಟಿಯ ಗೋಡೆಗೆ ನಾಲ್ಕು ನಂಬರು

ನನ್ನದು ಒಂದೂವರೆ ಎಕರೆ ಅಡಿಕೆ ತೋಟ. ಹಟ್ಟಿಯಲ್ಲಿ ಎರಡು ಜರ್ಸಿ ಮಿಶ್ರತಳಿ ದನ. ದನ ಸಾಕಿ ಇಪ್ಪತ್ತು ವರ್ಷ ಮೇಲಾಯಿತು. ಆದರೂ ಡಾಕ್ಟ್ರನ್ನು ಹುಡುಕುವುದು ಕಾಯಿಲೆ ಬಂದ ಮೇಲಿನ ಕೆಲಸ ಎಂದೇ 2021ರ ಮಳೆಗಾಲದವರೆಗೆ ತಿಳಿದಿದ್ದೆ.

ಆ ಜುಲೈಯಲ್ಲಿ ಗೌರಿ ನಾಲ್ಕನೇ ಕರು ಹಾಕಿತು. ದಿನಕ್ಕೆ 12 ಲೀಟರ್ ಕೊಡುವ ದನ. ಮರುದಿನ ಸಂಜೆ ಹುಲ್ಲು ಮುಟ್ಟಲಿಲ್ಲ, ಹಿಂಗಾಲು ತಡವರಿಸುತ್ತಿತ್ತು. ಬಾಣಂತಿ ಸುಸ್ತು ಅಂದುಕೊಂಡೆವು. ರಾತ್ರಿ ಹತ್ತಕ್ಕೆ ನೋಡಿದರೆ ಮಲಗಿದ್ದು ಏಳುತ್ತಿಲ್ಲ. ಕುತ್ತಿಗೆ ಹೊಟ್ಟೆಯ ಕಡೆ ತಿರುಗಿದೆ, ಕಿವಿ ತಣ್ಣಗೆ. ನನ್ನಲ್ಲಿದ್ದದ್ದು ಪಶು ಆಸ್ಪತ್ರೆಯ ನಂಬರು ಒಂದೇ. ಆ ಹೊತ್ತಿಗೆ ಅಲ್ಲಿ ಯಾರಿರುತ್ತಾರೆ? ನೆರೆಯವರು ಹೇಳಿದರೆಂದು ಗೊಟ್ಟದಲ್ಲಿ ಶುಂಠಿ ಕಷಾಯ ಹೊಯ್ದೆವು. ಅರ್ಧ ಮೂಗಿನಲ್ಲೇ ಬಂತು. ಬೆಳಗಾಗುವಾಗ ಗೌರಿ ಇರಲಿಲ್ಲ.

"ಎಂಥ ಮಾರಾಯ್ರೇ, ಸಂಜೆ ತಡವರಿಸಿದಾಗಲೇ ಹೇಳುವುದಲ್ವಾ?" ಅಂದ್ರು ಡಾಕ್ಟ್ರು. ಅದು ಹಾಲು ಜ್ವರ. ಹೆಸರು ಮಾತ್ರ ಜ್ವರ, ಮೈ ಬಿಸಿಯಾಗುವುದಿಲ್ಲ. ಗಿಣ್ಣು ಹಾಲಿಗೆ ಕ್ಯಾಲ್ಸಿಯಂ ಒಮ್ಮೆಲೇ ಹೋಗಿ ರಕ್ತದಲ್ಲಿ ಕಡಿಮೆಯಾಗುತ್ತದೆ. ಹೆಚ್ಚಾಗಿ ಕರು ಹಾಕಿದ ಮೂರು ದಿನದೊಳಗೆ, ಮೂರನೇ ಕರುವಿನ ನಂತರದ ಒಳ್ಳೆ ಹಾಲಿನ ದನಗಳಿಗೆ ಬರುವಂಥದ್ದು. ಬಿದ್ದ ದನಕ್ಕೆ ನುಂಗುವ ಶಕ್ತಿ ಇರುವುದಿಲ್ಲ, ಬಾಯಿಗೆ ಹೊಯ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಡಾಕ್ಟ್ರು ಬರುವವರೆಗೆ ಅಡ್ಡ ಮಲಗಲು ಬಿಡದೆ, ಹುಲ್ಲಿನ ಮೂಟೆ ಒತ್ತುಕೊಟ್ಟು ಎದೆಯ ಮೇಲೆ ಕೂರಿಸಬೇಕಂತೆ. ಈ ಮಾತು ಒಂದು ದಿನ ಮೊದಲು ಗೊತ್ತಿದ್ದರೆ!

ಮುಂದಿನ ದನ ಕಟ್ಟುವ ಮೊದಲೇ ಡಾಕ್ಟ್ರನ್ನು ಹುಡುಕಿದೆ. ಆಸ್ಪತ್ರೆಗೆ ಹೋಗಿ ಪರಿಚಯ ಹೇಳಿ ಕೇಳಿದೆ: ರಾತ್ರಿ ಯಾರು ಬರುತ್ತಾರೆ, ವಾಹನ ನಾವೇ ಕಳಿಸಬೇಕೋ, ಅವರು ರಜೆಯಾದರೆ ಯಾರು, ಖರ್ಚು ಎಷ್ಟು? ಕೊನೆಯದನ್ನು ಕೇಳಲು ನಮಗೆಲ್ಲ ಸಂಕೋಚ. ಅವರಿಗೆ ಇರಲಿಲ್ಲ, ನೇರ ಹೇಳಿದರು. ಪಕ್ಕದ ಊರಿನ ನಿವೃತ್ತ ಡಾಕ್ಟ್ರ ನಂಬರೂ ಅವರೇ ಕೊಟ್ಟದ್ದು. ಈ ಇಬ್ಬರದ್ದು, ಜೀಪಿನ ಅಣ್ಣನದ್ದು, ಮತ್ತು ಪಶು ಸಂಚಾರಿ ವಾಹನ ಕರೆಯುವ ಉಚಿತ ನಂಬರು 1962, ನಾಲ್ಕನ್ನೂ ಹಟ್ಟಿಯ ಗೋಡೆಗೆ ಪೈಂಟಿನಲ್ಲಿ ಬರೆದೆ. ಮೊಬೈಲು ನನ್ನ ಕಿಸೆಯಲ್ಲಿ ಪೇಟೆಗೆ ಹೋಗುತ್ತದೆ, ಗೋಡೆ ಹೋಗುವುದಿಲ್ಲವಲ್ಲ. 1962ನ್ನು ನಾನು ಕರೆದದ್ದು ಹಗಲಿಗೆ ಮಾತ್ರ. ರಾತ್ರಿಗೆ ಅದೊಂದನ್ನೇ ನಂಬಿ ಕೂರುವ ಧೈರ್ಯ ನನಗಿಲ್ಲ.

ಇನ್ನು ದುಡ್ಡು. ಡೈರಿಯ ಬಿಲ್ಲಿನಿಂದ ಲೀಟರಿಗೆ 2 ರೂಪಾಯಿ ತೆಗೆದು ಸೊಸೈಟಿಯಲ್ಲಿ ಬೇರೆ ಖಾತೆಗೆ ಹಾಕುತ್ತೇವೆ. ದಿನಕ್ಕೆ 10 ಲೀಟರಿನಂತೆ 300 ದಿನಕ್ಕೆ 6,000 ರೂಪಾಯಿ. ಇದು ಮನೆಯಾಕೆಯ ಹೆಸರಲ್ಲಿದೆ. ನನ್ನ ಹೆಸರಲ್ಲಿದ್ದರೆ ಗೊಬ್ಬರಕ್ಕೆ ಹೋಗುತ್ತಿತ್ತು. ಕಾಲುಬಾಯಿ ಜ್ವರದ ಲಸಿಕೆ ಇಲಾಖೆಯವರು ಬಂದು ಉಚಿತವಾಗಿ ಹಾಕುತ್ತಾರೆ, ಅದಕ್ಕೆ ಖರ್ಚಿಲ್ಲ. ಕೆಚ್ಚಲು ಬಾವಿಗೆ ಒಮ್ಮೆ 1,400 ಹೋಯಿತು. ನಾಯಿಯ ಹುಚ್ಚುರೋಗದ ಚುಚ್ಚುಮದ್ದೂ ವರ್ಷವರ್ಷ ಇದರಲ್ಲೇ. ದನದ ವಿಮೆ ಬೇರೆ. ಅದರಲ್ಲಿ ಮುಖ್ಯ ಕಿವಿಯ ಓಲೆ. ಬಿದ್ದುಹೋದರೆ ತಡಮಾಡದೆ ತಿಳಿಸಿ ಬೇರೆ ಹಾಕಿಸಿ. ಓಲೆ ಇಲ್ಲದ ದನ ಸತ್ತರೆ ಪರಿಹಾರ ಕೇಳುವುದು ಕಷ್ಟ.

2023ರಲ್ಲಿ ಲಕ್ಷ್ಮಿಗೂ ಅದೇ ತಡವರಿಕೆ. ರಾತ್ರಿ ಎಂಟಕ್ಕೆ ಮೊದಲ ನಂಬರು ಸಿಗಲಿಲ್ಲ, ಎರಡನೆಯದು ಸಿಕ್ಕಿತು. ಜೀಪು ಹೋಗಿ ನಿವೃತ್ತ ಡಾಕ್ಟ್ರನ್ನು ಕರೆತಂದಿತು. ಎದೆಬಡಿತ ನೋಡುತ್ತಾ ಕ್ಯಾಲ್ಸಿಯಂ ಬಾಟ್ಲಿಯನ್ನು ರಕ್ತನಾಳಕ್ಕೆ ನಿಧಾನ ಬಿಟ್ಟರು. ಅವಸರ ಮಾಡಿದರೆ ಹೃದಯ ನಿಲ್ಲಬಹುದಂತೆ. ಬಾಟ್ಲಿ ತಂದು ತಾವೇ ಚುಚ್ಚುವವರು ಇದನ್ನು ಗಮನಿಸಬೇಕು. ಮುಕ್ಕಾಲು ಗಂಟೆಯಲ್ಲಿ ಲಕ್ಷ್ಮಿ ಸೆಗಣಿ ಹಾಕಿ ಎದ್ದು ನಿಂತಿತು. ಫೀಸು, ಮದ್ದು, ಜೀಪು ಸೇರಿ 1,850 ರೂಪಾಯಿ. ಖಾತೆಯಲ್ಲಿತ್ತು.

ಒಮ್ಮೆ ಬಂದ ದನಕ್ಕೆ ಮುಂದಿನ ಕರುವಿಗೂ ಬರಬಹುದು ಅಂದಿದ್ದಾರೆ. ಲಕ್ಷ್ಮಿ ಈಗ ಮತ್ತೆ ಗಬ್ಬ, ಆಟಿಗೆ ಕರು ಹಾಕಬೇಕು. ಜೀಪಿನ ಅಣ್ಣ ನಂಬರು ಬದಲಿಸಿದ್ದಾನೆ. ಮಳೆ ಹಿಡಿಯುವ ಮೊದಲು ಗೋಡೆಯಲ್ಲಿ ತಿದ್ದಬೇಕು.