ಸೈಕಲ್ ಸವಾರಿಗೆ ತಕ್ಕ ನೀರಿನ ಬಾಟಲಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸುತ್ತಲಿನ ಹಳ್ಳಿಗಳಿಂದ ಹೆಣ್ಣುಮಕ್ಕಳು ಸೈಕಲ್ ಏರಿ ಶಾಲೆಗೆ ಬರುವುದು ಈಗ ಹೊಸ ನೋಟವಲ್ಲ. ೨೦೦೬-೦೭ರಿಂದ ರಾಜ್ಯ ಸರಕಾರವು ಅನೇಕ ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತಾದಕಾರಣ ಈ ವಾಡಿಕೆಯು ಬಲವಾಯಿತು. ಆದರೆ ಸೈಕಲನ್ನು ನಾಲ್ಕು ಅಂಗಡಿ ತಿರುಗಿ ಆರಿಸುವ ಪಾಲಕರು ನೀರಿನ ಬಾಟಲಿಯನ್ನು ಮಾತ್ರ ಬಣ್ಣ ನೋಡಿ ಕೊಳ್ಳುವರು. ಬೇಸಗೆಯಲ್ಲಿ ಬಿಸಿಲು ೪೦ ಡಿಗ್ರಿ ಮುಟ್ಟುವ ನಮ್ಮ ಸೀಮೆಯಲ್ಲಿ ಇದು ಅಲ್ಪ ವಿಷಯವಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಈಗ ತಾಯಂದಿರಾದವರು ಒಂದು ಮಾತನ್ನು ಬಲ್ಲರು. ದಾರಿಯಲ್ಲಿ ಶೌಚಕ್ಕೆ ಸ್ಥಳವಿಲ್ಲವೆಂಬ ಸಂಕೋಚದಿಂದ ಎಷ್ಟೋ ಹುಡುಗಿಯರು ತುಂಬಿದ ಬಾಟಲಿಯನ್ನು ತುಂಬಿದಂತೆಯೇ ಮನೆಗೆ ತರುವರು. ಇದರಿಂದ ತಲೆನೋವು, ಬಳಲಿಕೆಗಳು ಬರುವುವಲ್ಲದೆ ಮೂತ್ರದಲ್ಲಿ ಉರಿಯೂ ಉಂಟಾಗಬಹುದು. ಆದ್ದರಿಂದ ಮಗಳು ಸಂಜೆ ಬಂದೊಡನೆ ಬಾಟಲಿಯನ್ನು ಎತ್ತಿ ನೋಡಿರೆಂದು ನಾವು ತಾಯಂದಿರಲ್ಲಿ ವಿನಂತಿಸುತ್ತೇವೆ. ೭೫೦ ಮಿಲಿಲೀಟರ್ ಹಿಡಿಯುವ ಬಾಟಲಿಯು ದಾರಿಗೆ ಸಾಕು. ಶಾಲೆಯಲ್ಲಿ ಮತ್ತೆ ತುಂಬಿಕೊಳ್ಳಲಿ.

ಹಿಂದೆ ಹೊಲಕ್ಕೆ ಹೋಗುವವರು ಮಣ್ಣಿನ ತತ್ರಾಣಿಯನ್ನು ಒಯ್ಯುತ್ತಿದ್ದರು. ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಉಷ್ಣವನ್ನು ಎಳೆದುಕೊಳ್ಳುವುದರಿಂದ ಉಳಿದ ನೀರು ತಣ್ಣಗಿರುತ್ತಿತ್ತು. ಸೈಕಲ್ಲಿನ ಕುಲುಕಾಟಕ್ಕೆ ಮಣ್ಣು ತಾಳಲಾರದು. ಆದರೂ ಆ ಉಪಾಯವನ್ನು ಬಿಡಬೇಕಾಗಿಲ್ಲ. ಒಂದೇ ಪದರಿನ ಸ್ಟೀಲ್ ಬಾಟಲಿಗೆ ಹತ್ತಿಬಟ್ಟೆಯ ಚೀಲ ಹೊಲಿದು, ಅದನ್ನು ಒದ್ದೆ ಮಾಡಿ ತೊಡಿಸಿದರೆ, ಗಾಳಿ ಬೀಸಿದಷ್ಟೂ ನೀರು ತಂಪಾಗುವುದು. ಎರಡು ಪದರಿನ ನಿರ್ವಾತ ಬಾಟಲಿಯು ಇನ್ನೂ ಹೆಚ್ಚು ಹೊತ್ತು ತಂಪನ್ನು ಕಾಯುವುದೇನೋ ನಿಜ. ಆದರೆ ಅದು ಭಾರ, ಬೆಲೆಯೂ ಹೆಚ್ಚು.

ಅಂಗಡಿಯ ನೀರಿನ ತೆಳು ಪ್ಲಾಸ್ಟಿಕ್ ಬಾಟಲಿಯನ್ನೇ ತಿಂಗಳುಗಟ್ಟಲೆ ತುಂಬಿ ಬಳಸುವುದನ್ನು ನಾವು ಒಪ್ಪೆವು. ಅದರ ತಳದಲ್ಲಿ ತ್ರಿಕೋನದೊಳಗೆ ೧ ಎಂಬ ಅಂಕೆಯಿರುತ್ತದೆ. ಬಾಯಿ ಕಿರಿದಾದುದರಿಂದ ಒಳಗೆ ತಿಕ್ಕಲಾಗದೆ ಪಾಚಿ ಕಟ್ಟುವುದು. ಪ್ಲಾಸ್ಟಿಕ್ಕೇ ಬೇಕಾದರೆ ೨, ೪ ಅಥವಾ ೫ ಎಂಬ ಅಂಕೆಯುಳ್ಳ, ಅಗಲ ಬಾಯಿಯ ಬಾಟಲಿಯನ್ನು ಕೊಳ್ಳಿರಿ. ಪಂದ್ಯದ ಸವಾರರು ಹಿಚುಕಿ ಕುಡಿಯುವ ಬಾಟಲಿಯು ಇಂಥದೇ. ಆದರೆ ನಮ್ಮ ಧೂಳಿನ ದಾರಿಗೆ ಅದರ ಚೀಪುವ ತುದಿಯ ಮೇಲೊಂದು ಮುಚ್ಚಳವಿರುವುದು ಅವಶ್ಯ.

ಸೈಕಲ್ಲಿಗೆ ಬಿಗಿಯುವ ಬಾಟಲಿಗೂಡಿನ ಒಳ ಅಗಲವು ಸಾಮಾನ್ಯವಾಗಿ ೭೩-೭೪ ಮಿಲಿಮೀಟರ್. ಇದಕ್ಕಿಂತ ದಪ್ಪನಾದುದು ಕೂಡ್ರದು, ತೀರ ಸಣ್ಣದು ತಗ್ಗು ಬಂದೊಡನೆ ಹಾರಿ ಬೀಳುವುದು. ಹುಡುಗಿಯರ ಸೈಕಲ್ಲುಗಳಲ್ಲಿ ಅನೇಕಕ್ಕೆ ಗೂಡು ಬಿಗಿಯುವ ತೂತುಗಳಿರುವುದಿಲ್ಲ. ಅವಕ್ಕೆ ಪಟ್ಟಿಯಿಂದ ಬಿಗಿಯುವ ಗೂಡುಗಳು ದೊರೆಯುವುವು. ಹ್ಯಾಂಡಲ್ಲಿಗೆ ಚೀಲದಲ್ಲಿ ತೂಗುಬಿಟ್ಟ ಬಾಟಲಿಯಂತೂ ಮುಂಗಾಲಿಯ ಕಡ್ಡಿಗಳಲ್ಲಿ ಸಿಕ್ಕಿ ಸವಾರಳನ್ನೇ ಕೆಡವೀತು. ಕಬ್ಬಿನ ಹಂಗಾಮಿನಲ್ಲಿ, ಜೋಡಿ ಟ್ರಾಲಿ ಎಳೆಯುವ ಟ್ರಾಕ್ಟರುಗಳ ನಡುವೆ, ಒಂದು ಕೈ ಬಿಟ್ಟು ನೀರು ಕುಡಿಯಲೇ ಕೂಡದು. ರಸ್ತೆಯ ಪಕ್ಕಕ್ಕೆ ಇಳಿದು ನಿಂತು ಕುಡಿಯತಕ್ಕದ್ದು.

ಮುಚ್ಚಳದೊಳಗಿನ ರಬ್ಬರ್ ಬಳೆಯನ್ನು ವಾರಕ್ಕೊಮ್ಮೆ ತೆಗೆದು ತೊಳೆಯಿರಿ. ಕೆಟ್ಟ ವಾಸನೆಯು ಹೆಚ್ಚಾಗಿ ಅಲ್ಲಿಯೇ ಹುಟ್ಟುವುದು. ಕೊಳ್ಳುವಾಗ ಅಂಗಡಿಯಲ್ಲಿಯೇ ನೀರು ತುಂಬಿಸಿ, ತಲೆಕೆಳಗೆ ಹಿಡಿದು ಅಲುಗಿಸಿ ನೋಡಿರಿ. ಒಂದು ತೊಟ್ಟು ಸೋರಿದರೂ ಅದನ್ನು ಅಲ್ಲಿಯೇ ಬಿಟ್ಟು ಬನ್ನಿರಿ.