ಸಣ್ಣ ರಿಲೇ, ದೊಡ್ಡ ಹೊಣೆ

ಕಲಬುರಗಿಯ ಬೇಸಿಗೆಯನ್ನು ಅನುಭವಿಸಿದವರಿಗೆ ಅದರ ಬೇಗೆಯನ್ನು ವರ್ಣಿಸಬೇಕಾಗಿಲ್ಲ. ಮೇ ತಿಂಗಳ ಅಂಥದೊಂದು ಮಧ್ಯಾಹ್ನ ನಮ್ಮ ಮನೆಯ ಹಳೆಯ ಏ.ಸಿ. ಗಾಳಿ ಬೀಸುತ್ತಿತ್ತೇ ಹೊರತು ತಂಪು ನೀಡಲಿಲ್ಲ. ಎಂಬತ್ತು ದಾಟಿದ ನಮ್ಮ ತಾಯಿಯವರು ಸೆಖೆಯಿಂದ ಬಳಲತೊಡಗಿದರು. ದುರಸ್ತಿಗೆ ಬಂದವರು ಕ್ಷಣಕಾಲ ನೋಡಿ, ಇಡೀ ಬೋರ್ಡನ್ನೇ ಬದಲಾಯಿಸಬೇಕೆಂದು ಹಲವು ಸಾವಿರ ರೂಪಾಯಿಗಳ ಲೆಕ್ಕ ಹೇಳಿದರು. ಅದು ಬರಲು ನಾಲ್ಕು ದಿನ ಬೇಕೆಂದರು. ಅಷ್ಟು ದಿನ ತಾಯಿಯವರ ಗತಿಯೇನು ಎಂಬ ಚಿಂತೆ ನಮ್ಮನ್ನು ಕಾಡಿತು.

ಆಗ ನೆರೆಮನೆಯವರು ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆತಂದರು. ಅವರು ತಾಳ್ಮೆಯಿಂದ ಪರೀಕ್ಷಿಸಿ, “ಬೋರ್ಡ್ ಕೆಟ್ಟಿಲ್ರಿ, ರಿಲೇದ ಪಾಯಿಂಟ್ ಸುಟ್ಟಾವ ನೋಡ್ರಿ” ಎಂದು ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಡಬ್ಬಿಯೊಂದರ ಮುಚ್ಚಳ ಬಿಡಿಸಿ ತೋರಿಸಿದರು. ಸಂಜೆಯೊಳಗೆ ಹೊಸ ರಿಲೇ ಕೂಡಿಸಲಾಯಿತು, ಕೋಣೆ ತಂಪಾಯಿತು. ಬೋರ್ಡಿನ ಬೆಲೆಯ ಸಣ್ಣ ಪಾಲಷ್ಟೇ ಖರ್ಚಾಯಿತು.

ರಿಲೇ ಎಂದರೇನು?

ದೂರದ ಹಾದಿಯಲ್ಲಿ ದಣಿದ ಕುದುರೆಯ ಬದಲಿಗೆ ಸಿದ್ಧವಾಗಿಡುತ್ತಿದ್ದ ಹೊಸ ಕುದುರೆಗಳಿಗೆ ಹಿಂದೆ ಯುರೋಪಿನಲ್ಲಿ ಈ ಹೆಸರಿತ್ತು. 19ನೆಯ ಶತಮಾನದಲ್ಲಿ ತಂತಿ ಸಮಾಚಾರದ ಕ್ಷೀಣಿಸಿದ ಸಂಕೇತಕ್ಕೆ ಮರಳಿ ಬಲ ಕೊಡುವ ಸಾಧನಕ್ಕೂ ಅದೇ ಹೆಸರು ಬಂದಿತು.

ಏ.ಸಿ. ಬೋರ್ಡಿನ ರಿಲೇಯಲ್ಲಿ ತಂತಿಯ ಸುರುಳಿಯೊಂದಿದೆ. ಅದಕ್ಕೆ ಸಾಮಾನ್ಯವಾಗಿ 12 ವೋಲ್ಟ್ ವಿದ್ಯುತ್ ದೊರೆತಾಗ ಅದು ಅಯಸ್ಕಾಂತವಾಗಿ ಪುಟ್ಟ ಪಟ್ಟಿಯನ್ನು ಸೆಳೆಯುತ್ತದೆ. ‘ಟಿಕ್’ ಎಂಬ ಸದ್ದಿನೊಡನೆ ಪಾಯಿಂಟುಗಳು ಕೂಡಿಕೊಂಡು, 230 ವೋಲ್ಟಿನ ವಿದ್ಯುತ್ ಕಂಪ್ರೆಸರಿಗೆ ಹರಿಯುತ್ತದೆ. ಅಲ್ಪ ಶಕ್ತಿಯು ಮಹಾಶಕ್ತಿಯನ್ನು ಆಳುವ ಬಗೆಯಿದು.

ಕೆಡುವ ಬಗೆ

ಕಂಪ್ರೆಸರ್ ಹೊರಡುವಾಗ ಎಳೆಯುವ ವಿದ್ಯುತ್ತು ಅದು ನಡೆಯುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ಪ್ರತಿ ಸಲವೂ ಪಾಯಿಂಟುಗಳ ನಡುವೆ ಕಿಡಿ ಹಾರಿ, ಕಾಲಕ್ರಮೇಣ ಅವು ಕಪ್ಪಾಗಿ ಸವೆಯುತ್ತವೆ. ವೋಲ್ಟೇಜ್ ಕುಸಿದಾಗ ರಿಲೇ ಕಟಕಟನೆ ಬಡಿದುಕೊಂಡು ಬೇಗ ಸುಡುತ್ತದೆ. ಕೆಲವೊಮ್ಮೆ ಇರುವೆಗಳು ಒಳಸೇರಿಯೂ ಕೆಡಿಸುವುದುಂಟು. ಪಾಯಿಂಟುಗಳು ಅಂಟಿಕೊಂಡರಂತೂ ಕಂಪ್ರೆಸರ್ ನಿಲ್ಲಬೇಕಾದಾಗ ನಿಲ್ಲುವುದಿಲ್ಲ.

ಆದರೆ ತಂಪಾಗದ ಯಂತ್ರಗಳಲ್ಲೆಲ್ಲ ರಿಲೇಯೇ ದೋಷಿಯೆಂದು ಭಾವಿಸಬಾರದು. ಕೆಪಾಸಿಟರ್ ಕೆಟ್ಟರೂ ಇದೇ ಲಕ್ಷಣ ಕಾಣುತ್ತದೆ. ಯಂತ್ರವನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗ ಕಂಪ್ರೆಸರ್ ಸುಮಾರು 3 ನಿಮಿಷ ತಡೆದು ಹೊರಡುವುದು ಸಹಜ. ಇನ್ವರ್ಟರ್ ಏ.ಸಿ.ಗಳ ರಚನೆಯೇ ಬೇರೆ. ಇಲ್ಲಿನ ಮಾತು ಮುಖ್ಯವಾಗಿ ಹಳೆಯ ಮಾದರಿಗಳಿಗೆ ಅನ್ವಯಿಸುತ್ತದೆ.

ಬದಲಾಯಿಸುವಾಗ

ಹೊಸ ರಿಲೇಯ ಸುರುಳಿಯ ವೋಲ್ಟೇಜ್ ಹಳೆಯದರಷ್ಟೇ ಇರಬೇಕು. ಪಾಯಿಂಟುಗಳು ತಾಳುವ ಆಂಪಿಯರ್ ಹಳೆಯದರಷ್ಟಾದರೂ ಇರಬೇಕು, ಕಡಿಮೆಯಂತೂ ಇರಕೂಡದು. ಪಿನ್ನುಗಳ ಜೋಡಣೆಯೂ ಹೊಂದಬೇಕು. ಈ ವಿವರಗಳು ಸಾಮಾನ್ಯವಾಗಿ ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತವೆ.

“ಸದ್ಯಕ್ಕೆ ಡೈರೆಕ್ಟ್ ಕೊಡುತ್ತೇನೆ” ಎಂಬ ಮಾತಿಗೆ ಮಾತ್ರ ಒಪ್ಪಬೇಡಿ. ಕಾವಲುಗಾರನಿಲ್ಲದ ಯಂತ್ರ ತಾನಾಗಿ ನಿಲ್ಲದು. ನೀರು ಕಾಯಿಸುವ ಗೀಸರಿನ ಥರ್ಮೋಸ್ಟಾಟನ್ನೂ ಕಟೌಟನ್ನೂ ಹೀಗೆ ತಪ್ಪಿಸಿದರೆ ಒತ್ತಡ ಏರಿ ತೊಟ್ಟಿಯೇ ಒಡೆಯುವ ಭಯವುಂಟು. ಮನೆಯವರು ತಾವೇ ಯಂತ್ರವನ್ನು ಬಿಚ್ಚಬಾರದು. ವಿದ್ಯುತ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಶಕ್ತಿ ಉಳಿದಿರುತ್ತದೆ. ಬಲ್ಲವರನ್ನು ಕರೆಸಿ, ಕೆಟ್ಟದ್ದು ಯಾವುದೆಂದು ಕೇಳಿ, ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಆ ಸುಟ್ಟ ರಿಲೇಯನ್ನು ನಾವಿನ್ನೂ ಕಪಾಟಿನಲ್ಲಿ ಇಟ್ಟಿದ್ದೇವೆ. ಯಾರಾದರೂ “ಇಡೀ ಬೋರ್ಡೇ ಹೋಯಿತು” ಎಂದಾಗ ಅದನ್ನು ಒಮ್ಮೆ ತೆಗೆದು ನೋಡುತ್ತೇವೆ.