ಪ್ರವಾಸದಲ್ಲಿ ಹುಟ್ಟುಹಬ್ಬ ಬಂದರೆ...

ಏಪ್ರಿಲ್, ಮೇ ತಿಂಗಳಲ್ಲಿ ಹುಟ್ಟಿದ ಮಕ್ಕಳಿಗೆ ಒಂದು ಸಂಕಟ ತಪ್ಪಿದ್ದಲ್ಲ. ಹುಟ್ಟುಹಬ್ಬ ಬರುವ ಹೊತ್ತಿಗೆ ಶಾಲೆ ಮುಚ್ಚಿರುತ್ತದೆ. ಗೆಳತಿಯರೆಲ್ಲ ಅಜ್ಜಿಯ ಊರಿಗೆ ಹೋಗಿರುತ್ತಾರೆ. ವರ್ಷಕ್ಕೊಮ್ಮೆ ಸಿಗುವ ರಜೆ ಅಂತ ನಾವೂ ಊರು ಬಿಟ್ಟಿರುತ್ತೇವೆ. ಮಗು ಹುಟ್ಟಿದ ದಿನ ಬಸ್ಸಿನಲ್ಲೋ ಛತ್ರದಲ್ಲೋ ಬಂದು ಹೋಗಿಬಿಡುತ್ತದೆ. ದಸರಾ ರಜೆಯಲ್ಲಿ ಹುಟ್ಟಿದವರ ಪಾಡೂ ಇಷ್ಟೆ.

ನಮ್ಮ ಚಿಕ್ಕ ಮಗಳು ಹುಟ್ಟಿದ್ದು ಏಪ್ರಿಲ್ ಕೊನೆಯಲ್ಲಿ. ಅವಳಿಗೆ ಹತ್ತು ತುಂಬುವ ಹೊತ್ತಿಗೆ ಮೈಸೂರಿಗೆ ಹೋಗೋಣ ಅಂತ ನಮ್ಮ ಮನೆಯವರು ಹೇಳಿದಾಗ ಅವಳ ಮುಖ ಸಣ್ಣದಾಯಿತು. “ಅಮ್ಮಾ, ಎಲ್ಲಾರೂ ಕ್ಲಾಸಲ್ಲಿ ಚಾಕೊಲೇಟ್ ಹಂಚ್ತಾರೆ. ನಾನು ಒಂದ್ಸಲಾನೂ ಹಂಚಿಲ್ಲ. ಈ ಸಲ ಮನೇಲೂ ಇರಲ್ವಾ?” ಅಂದಳು. ನಮ್ಮತ್ತೆಯವರದು ಇನ್ನೊಂದು ಕೊರಗು: “ಹುಟ್ಟಿದ ದಿವಸ ಮಗೂಗೆ ತಲೆಗೆ ಎಣ್ಣೆ ಇಡದೆ, ಆರತಿ ಎತ್ತದೆ ಊರೂರು ಸುತ್ತೋದೇನಮ್ಮಾ?” ಇಬ್ಬರ ಮಾತೂ ತಳ್ಳಿಹಾಕುವಂಥದ್ದಲ್ಲ. ಆ ದಿನ ಎಲ್ಲ ದಿನದ ಹಾಗೆ ಕಳೆದುಹೋಗಬಾರದು ಅನ್ನುವುದೇ ಇಬ್ಬರ ಆಸೆ.

<b>ನಮಗೆ ಎರಡು ಹುಟ್ಟುಹಬ್ಬ!</b>

ಸೋದರಿಯರೇ, ಇದಕ್ಕೆ ಉಪಾಯ ನಮ್ಮ ಪಂಚಾಂಗದಲ್ಲೇ ಇದೆ. ನಮ್ಮ ಮಕ್ಕಳಿಗೆ ತಾರೀಖಿನ ಹುಟ್ಟುಹಬ್ಬ ಒಂದು, ತಿಥಿಯ ಹುಟ್ಟುಹಬ್ಬ ಇನ್ನೊಂದು. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ, ಇಂಗ್ಲಿಷ್ ಕ್ಯಾಲೆಂಡರಿಗೆ 365. ಹಾಗಾಗಿ ತಿಥಿ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದಕ್ಕೆ ಸರಿಯುತ್ತದೆ. ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಹೋಗುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ದಿನ ಕೂಡುವುದು 19 ವರ್ಷಕ್ಕೊಮ್ಮೆ. ನಡುವಿನ ವರ್ಷಗಳಲ್ಲಿ ಎರಡು ದಿನಗಳು ನಮ್ಮ ಕೈಯಲ್ಲಿರುತ್ತವೆ. ತಿಥಿಯ ದಿನ ಮನೆಗೆ, ತಾರೀಖಿನ ದಿನ ಪ್ರವಾಸಕ್ಕೆ ಅಂತ ಹಂಚಿಬಿಟ್ಟರೆ ಜಗಳವೇ ಇಲ್ಲ. ತಿಥಿಯೂ ಪ್ರವಾಸದಲ್ಲೇ ಬಿದ್ದರೆ ಜನ್ಮನಕ್ಷತ್ರ ಬರುವ ದಿನ ನೋಡಿ.

ನಾವು ಮಾಡಿದ್ದೂ ಹಾಗೇ. ಹೊರಡುವ ಮುಂಚೆ ತಿಥಿಯ ದಿನ ಜೆ.ಪಿ. ನಗರದ ಮನೆಯಲ್ಲಿ ಅತ್ತೆಯವರು ಮಣೆ ಹಾಕಿ, ಮೊಮ್ಮಗಳಿಗೆ ಎಣ್ಣೆ ಒತ್ತಿ ನೀರು ಹಾಕಿದರು. ಶ್ಯಾವಿಗೆ ಪಾಯಸ ಆಯಿತು. ಸಂಜೆ ರಾಗಿಗುಡ್ಡದ ಆಂಜನೇಯನಿಗೆ ಅರ್ಚನೆ ಮಾಡಿಸಿ, ಮನೆಗೆ ಬಂದು ಆರತಿ ಎತ್ತಿದೆವು. ಹಿರಿಯರ ಮನಸ್ಸು ತುಂಬಿತು. ಇನ್ನು ಉಳಿದದ್ದು ಮಗಳ ದಿನ.

<b>ಮೈಸೂರಿನಲ್ಲಿ ಒಂದು ದಿನ</b>

ಸ್ಯಾಟಲೈಟ್ ನಿಲ್ದಾಣದಿಂದ ಕೆಂಪು ಬಸ್ಸು ಹತ್ತಿದೆವು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲವಲ್ಲ, ಹಾಗೆ ಉಳಿದ ಹಣ ಮಗಳ ಹೆಸರಿನಲ್ಲಿ ತೆಗೆದಿಟ್ಟೆ. ಆಧಾರ್ ಕಾರ್ಡ್ ಮಾತ್ರ ಮರೆಯಬೇಡಿ.

ಆ ದಿನ ಭಾನುವಾರ. ಎಲ್ಲಿಗೆ ಮೊದಲು ಅನ್ನುವುದನ್ನು ಮಗಳೇ ಹೇಳಲಿ ಅಂತ ಬಿಟ್ಟೆವು. ಆರಿಸುವ ಹಕ್ಕೇ ಮಕ್ಕಳಿಗೆ ದೊಡ್ಡ ಉಡುಗೊರೆ. ಅವಳು ಹೇಳಿದ್ದು ಮೃಗಾಲಯ. 1892ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಶುರುವಾದ ಮೃಗಾಲಯ ಅದು. ಮಂಗಳವಾರ ಸಾಮಾನ್ಯವಾಗಿ ರಜೆ, ನೆನಪಿರಲಿ. ಒಳಗೆ ನಡಿಗೆ ಬಹಳ, ಬಿಸಿಲೇರುವ ಮುಂಚೆಯೇ ಹೋಗಿ. ಬಲೂನು, ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಪ್ರಾಣಿಗಳ ಹೊಟ್ಟೆ ಸೇರಿದರೆ ಅವುಗಳ ಪ್ರಾಣಕ್ಕೇ ಅಪಾಯ.

ಇಲ್ಲಿ ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳುವ ಯೋಜನೆ ಇದೆ. ಮನೆಗೆ ತರುವುದಲ್ಲ, ಇಂತಿಷ್ಟು ಕಾಲ ಅದರ ಆಹಾರ, ಆರೈಕೆಗೆ ಹಣ ಕೊಡುವುದು. ಆನೆ, ಹುಲಿಗೆ ಹೆಚ್ಚು ದುಡ್ಡು, ಪುಟ್ಟ ಹಕ್ಕಿಗೆ ಕಡಿಮೆ. ಹುಟ್ಟುಹಬ್ಬದ ದಿನ ಹೀಗೆ ಕೊಡುವವರು ಎಷ್ಟೋ ಜನ. ನಾವು ತೆಗೆದಿಟ್ಟ ಹಣಕ್ಕೆ ಸ್ವಲ್ಪ ಸೇರಿಸಿ ಒಂದು ಹಕ್ಕಿಗೆ ಕೊಟ್ಟೆವು. ಸಿಕ್ಕ ಪ್ರಮಾಣಪತ್ರವನ್ನು ಮಗಳು ಹೊಸ ಫ್ರಾಕಿಗಿಂತ ಜೋಪಾನವಾಗಿ ಹಿಡಿದುಕೊಂಡಳು.

ಮಧ್ಯಾಹ್ನ ಊಟ ಮಾಡಿ ಮಲಗಿಸಿ. ಹುಟ್ಟುಹಬ್ಬ ಅಂತ ಬೆಳಗ್ಗಿನಿಂದ ಸಂಜೆಯವರೆಗೆ ಸುತ್ತಿಸಿದರೆ ಮಗು ರಾತ್ರಿ ಅತ್ತೇ ಮಲಗುತ್ತದೆ.

ಕೇಕಿನ ಬದಲು ಮೈಸೂರುಪಾಕು ತಂದೆವು. ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಮಾಡಿದ ಸಿಹಿ ಇದು ಅನ್ನುವ ಕಥೆ ಹೇಳಿದಾಗ ಮಕ್ಕಳಿಗೆ ಇನ್ನೂ ರುಚಿ ಹೆಚ್ಚಿತು. ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆಗಳಲ್ಲಿ ಅರಮನೆಗೆ ದೀಪಾಲಂಕಾರ ಇರುತ್ತದೆ. ಸುಮಾರು ಒಂದು ಲಕ್ಷ ಬಲ್ಬು ಒಮ್ಮೆಗೇ ಹತ್ತಿದಾಗ ಮಗಳು ಕುಣಿದಳು. “ಹುಟ್ಟಿದ ದಿವಸ ದೀಪ ಆರಿಸಬಾರದು, ಹಚ್ಚಬೇಕು” ಅನ್ನುವ ಅತ್ತೆಯವರಿಗೂ ಅಲ್ಲಿಂದಲೇ ಫೋನಿನಲ್ಲಿ ತೋರಿಸಿದೆವು.

<b>ನೆನಪಿಡಬೇಕಾದ ಮಾತುಗಳು</b>

* ರೈಲಿನಲ್ಲಿ ಮೇಣದಬತ್ತಿ, ಕರ್ಪೂರ, ಸ್ಟೌ ಹಚ್ಚಲೇಬೇಡಿ. 2023ರ ಆಗಸ್ಟ್ 26ರಂದು ಮದುರೆಯಲ್ಲಿ ನಿಂತಿದ್ದ ಯಾತ್ರಿಕರ ಬೋಗಿಯಲ್ಲಿ, ಕದ್ದುಮುಚ್ಚಿ ತಂದಿದ್ದ ಗ್ಯಾಸ್ ಸಿಲಿಂಡರಿನಿಂದ ಬೆಂಕಿ ಹತ್ತಿ 9 ಜನ ತೀರಿಕೊಂಡರು. ಲಾಡ್ಜಿನ ರೂಮಿನಲ್ಲೂ ಪರದೆ, ಹಾಸಿಗೆಯ ಪಕ್ಕ ದೀಪ ಬೇಡ. ಅರಿಶಿನ ಸುಣ್ಣ ಕದಡಿದ ನೀರಿನ ಆರತಿ ಸಾಕು.

* ಚಾಕೊಲೇಟಿನ ಆಸೆಗೂ ದಾರಿ ಉಂಟು. ಶಾಲೆ ತೆರೆದ ವಾರ ರಜೆಯಲ್ಲಿ ಹುಟ್ಟಿದ ಮಕ್ಕಳೆಲ್ಲ ಒಟ್ಟಿಗೆ ಸಿಹಿ ಹಂಚಬಹುದೇ ಅಂತ ಟೀಚರನ್ನು ಕೇಳಿ. ನಮ್ಮ ಮಗಳ ತರಗತಿಯಲ್ಲಿ ಟೀಚರು ಸಂತೋಷದಿಂದ ಒಪ್ಪಿದರು. ಅವಳ ಜೊತೆಗೆ ಇನ್ನೂ ನಾಲ್ಕು ಮಕ್ಕಳಿದ್ದರು!

* ಹೋದ ಊರಿನಿಂದ ಗೆಳತಿಯರಿಗೆ ಮಗುವಿನ ಕೈಯಲ್ಲೇ ಅಂಚೆ ಕಾರ್ಡು ಬರೆಸಿ.

* ಆ ದಿನ ಅಮ್ಮನಿಗೂ ರಜೆ ಇರಲಿ. ಬಟ್ಟೆ ಮಡಿಸುವುದು, ನೀರು ತುಂಬಿಸುವುದು ಮನೆಯವರೆಲ್ಲ ಹಂಚಿಕೊಳ್ಳಲಿ. ಮಗು ಹುಟ್ಟಿದ ದಿನವೇ ತಾನೇ ನಾವು ತಾಯಿಯಾದದ್ದು!

<b>ಪ್ರವಾಸಕ್ಕೆ ರವೆ ಉಂಡೆ</b>

ಬೇಕಾಗುವ ಸಾಮಾನು: ಚಿರೋಟಿ ರವೆ 2 ಲೋಟ, ಸಕ್ಕರೆ 1½ ಲೋಟ, ಒಣಕೊಬ್ಬರಿ ತುರಿ ½ ಲೋಟ, ತುಪ್ಪ ¾ ಲೋಟ, ಗೋಡಂಬಿ, ದ್ರಾಕ್ಷಿ, ಏಲಕ್ಕಿ 5.

ಮಾಡುವ ವಿಧಾನ: ಸ್ವಲ್ಪ ತುಪ್ಪದಲ್ಲಿ ಗೋಡಂಬಿ, ದ್ರಾಕ್ಷಿ ಹುರಿದು ತೆಗೆದಿಡಿ. ಅದೇ ಬಾಣಲೆಯಲ್ಲಿ ರವೆಯನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿಯಿರಿ, ಕೆಂಪಾಗಬಾರದು. ಕೊಬ್ಬರಿ ಸೇರಿಸಿ ಎರಡು ನಿಮಿಷ ಬಾಡಿಸಿ ಇಳಿಸಿ. ಸಕ್ಕರೆ, ಏಲಕ್ಕಿ ಒಟ್ಟಿಗೆ ಪುಡಿ ಮಾಡಿ ಬೆರೆಸಿ. ಉಳಿದ ತುಪ್ಪವನ್ನು ಬಿಸಿ ಮಾಡಿ ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ, ಗೋಡಂಬಿ, ದ್ರಾಕ್ಷಿ ಸೇರಿಸಿ ಬಿಸಿಯಿರುವಾಗಲೇ ಉಂಡೆ ಕಟ್ಟಿ. ಉಂಡೆ ನಿಲ್ಲದಿದ್ದರೆ ಮಿಶ್ರಣವನ್ನು ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ. ಹಾಲು, ಹಸಿ ತೆಂಗಿನಕಾಯಿ ಹಾಕದಿರುವುದರಿಂದ ವಾರವಿಟ್ಟರೂ ಕೆಡುವುದಿಲ್ಲ. ಚೆನ್ನಾಗಿ ಆರಿದ ಮೇಲೆ ಡಬ್ಬಿಗೆ ತುಂಬಿ. ಬಸ್ಸಿನಲ್ಲಿ ಅಕ್ಕಪಕ್ಕ ಕೂತವರಿಗೂ ಮಗುವಿನ ಕೈಯಿಂದಲೇ ಒಂದೊಂದು ಕೊಡಿಸಿ. ಅವರ ಹಾರೈಕೆಯೂ ಮಗುವಿಗೆ ಸಿಗಲಿ.